ಅರವತ್ತೈದು ನಡೆಗಳ ಆಟ

ಕಳೆದ ಚಳಿಗಾಲದ ಒಂದು ಶನಿವಾರ, ಇನ್ನೂ ಬೆಳಕು ಹರಿಯುವ ಮೊದಲೇ ನಾನೂ ನನ್ನ ಹನ್ನೊಂದು ವರ್ಷದ ಮಗಳೂ ಕಾರಿನ ಗಾಜಿಗೆ ಕಟ್ಟಿದ್ದ ಹಿಮವನ್ನು ಕೆರೆದು, ನಾವಿರುವ ಊರಿನಿಂದ ನಲವತ್ತು ಮೈಲಿ ದೂರದ ಶಾಲೆಯೊಂದರಲ್ಲಿ ನಡೆಯಲಿದ್ದ ಚೆಸ್ ಪಂದ್ಯಾವಳಿಗೆ ಹೊರಟೆವು. ಮೊದಲ ಸುತ್ತಿನಲ್ಲಿ ಯಾರಿಗೆ ಯಾರು ಎದುರು ಎನ್ನುವ ಪಟ್ಟಿ ಹಿಂದಿನ ರಾತ್ರಿಯೇ ಬಂದಿತ್ತು. ಇಂಥ ಪಂದ್ಯಾವಳಿಗಳು ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. ಆಟಗಾರರನ್ನೆಲ್ಲ ರೇಟಿಂಗ್ ಪ್ರಕಾರ ಸಾಲಾಗಿ ಬರೆದು, ಆ ಸಾಲನ್ನು ನಟ್ಟನಡುವೆ ಕತ್ತರಿಸಿ, ಮೇಲಿನ ಅರ್ಧದವರಿಗೆ ಕೆಳಗಿನ ಅರ್ಧದವರನ್ನು ಕ್ರಮವಾಗಿ ಜೋಡಿಸುತ್ತಾರೆ. ಹಾಗಾಗಿ ಮೊದಲ ಸುತ್ತೆಂದರೆ ಸಾಮಾನ್ಯವಾಗಿ ಅಸಮಾನರ ಕಾದಾಟವೇ. ಮಗಳ ರೇಟಿಂಗ್ 1450. ಅವಳ ಎದುರಾಳಿಯದು 2050.

"ಅಪ್ಪ, ನನಗೆ ಚಾನ್ಸ್ ಇದೆಯಾ?" ಎಂದು ಹಿಂದಿನ ಸೀಟಿನಿಂದ ಕೇಳಿದಳು.

ಈ ಪ್ರಶ್ನೆಗೆ ಲೆಕ್ಕದ ಉತ್ತರ ಒಂದಿದೆ. ಅಮೆರಿಕದಲ್ಲಿ ನೆಲೆಸಿದ್ದ ಹಂಗೇರಿ ಮೂಲದ ಭೌತವಿಜ್ಞಾನದ ಪ್ರಾಧ್ಯಾಪಕ ಅರ್ಪಾದ್ ಎಲೊ ರೂಪಿಸಿದ ರೇಟಿಂಗ್ ಸೂತ್ರವನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 400 ಅಂಕಗಳ ಅಂತರವಿದ್ದರೆ ದುರ್ಬಲ ಆಟಗಾರನಿಗೆ ಹನ್ನೊಂದು ಆಟಕ್ಕೆ ಒಂದು ಅಂಕ ಸಿಗಬಹುದು ಎನ್ನುತ್ತದೆ ಆ ಸೂತ್ರ. ಅಂತರ 600 ಆದರೆ ಒಂದು ಅಂಕಕ್ಕೆ ಮೂವತ್ತೆರಡು ಮೂವತ್ತಮೂರು ಆಟ ಬೇಕು. ಹೆತ್ತವರು ಯಾರೂ ಬೆಳಗಿನ ಏಳು ಗಂಟೆಗೆ ಮಕ್ಕಳಿಗೆ ಈ ಲೆಕ್ಕ ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಅದರ ಬದಲು ಹೇಸ್ಟಿಂಗ್ಸ್‌ನ ಕತೆ ಹೇಳಿದೆ. ಪಂಜಾಬಿನ ಯಾವುದೋ ಹಳ್ಳಿಯಿಂದ ಬಂದ, ಓದುಬರಹ ಬಾರದ, ಯಜಮಾನನ ಮನೆಯ ಆಳೊಬ್ಬ ಜಗತ್ತಿನ ಅತಿ ದೊಡ್ಡ ಆಟಗಾರನನ್ನು ಸೋಲಿಸಿದ ಕತೆ ಅದು. ಇಪ್ಪತ್ತು ವರ್ಷಗಳಿಂದ ಆ ಕತೆಯನ್ನು ಅನೇಕರಿಗೆ ಅದೇ ಮಾತುಗಳಲ್ಲಿ ಹೇಳುತ್ತ ಬಂದಿದ್ದೇನೆ. ಅದನ್ನು ಮಗಳಿಗೆ ಹೇಳಿದ್ದು ಅದೇ ಮೊದಲು. ಆ ರೀತಿಯಲ್ಲಿ ಹೇಳಿದ್ದು ಅದೇ ಕೊನೆ.

ಹೇಸ್ಟಿಂಗ್ಸ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಊರು. ಲಂಡನ್ನಿನ ಚೇರಿಂಗ್ ಕ್ರಾಸ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಸಮುದ್ರದಂಡೆಯಲ್ಲಿ ಮೀನುಗಾರರು ಬಲೆ ಇಡುತ್ತಿದ್ದ, ಕಪ್ಪು ಬಣ್ಣ ಬಳಿದ ಎತ್ತರದ ಮರದ ಗೂಡಂಗಡಿಯಂಥ ಮನೆಗಳ ಸಾಲು ಇಂದಿಗೂ ಇದೆ. ಪ್ರವಾಸಿಗಳು ಅದನ್ನು ನೋಡಲು ಬರುತ್ತಾರೆ. ಚೆಸ್ ಆಡುವವರಿಗೆ ಮಾತ್ರ ಆ ಊರು ಬೇರೆ ಕಾರಣಕ್ಕೆ ಕ್ಷೇತ್ರ. ಅಲ್ಲಿನ ಚೆಸ್ ಕ್ಲಬ್ ಆರಂಭವಾದದ್ದು 1882ರಲ್ಲಿ. 1895ರಲ್ಲಿ ಅಲ್ಲಿ ನಡೆದ ಮಹಾ ಪಂದ್ಯಾವಳಿಯಲ್ಲಿ ಅಮೆರಿಕದ ಯುವಕ ಹ್ಯಾರಿ ಪಿಲ್ಸ್‌ಬರಿ ಆ ಕಾಲದ ಘಟಾನುಘಟಿಗಳನ್ನೆಲ್ಲ ಹಿಂದಿಕ್ಕಿ ಮೊದಲಿಗನಾದ. 1920ರ ನಂತರ ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಆರಂಭವಾಗಿ ಹೊಸ ವರ್ಷದ ಮೊದಲ ದಿನಗಳಲ್ಲಿ ಮುಗಿಯುವ ಪಂದ್ಯಾವಳಿ ಅಲ್ಲಿನ ವಾರ್ಷಿಕ ಜಾತ್ರೆಯಾಯಿತು.

1930–31ರ ಜಾತ್ರೆಗೆ ಹತ್ತು ಆಟಗಾರರು ಬಂದಿದ್ದರು. ಹಾಲೆಂಡಿನ ಮ್ಯಾಕ್ಸ್ ಯೂವೆ ಇದ್ದರು. 1927ರಿಂದ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದ ವೆರಾ ಮೆಂಚಿಕ್ ಇದ್ದರು. ಎಲ್ಲರ ಕಣ್ಣು ನೆಟ್ಟಿದ್ದದ್ದು ಕ್ಯೂಬಾದ ಹೊಸೆ ರೌಲ್ ಕಾಪಾಬ್ಲಾಂಕಾ ಮೇಲೆ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವರು ಅವರು. 1916ರ ಆರಂಭದಿಂದ 1924ರ ಮಾರ್ಚ್‌ವರೆಗೆ ಎಂಟು ವರ್ಷಗಳ ಕಾಲ ಒಂದೇ ಒಂದು ಪಂದ್ಯಾವಳಿಯ ಆಟವನ್ನೂ ಸೋತಿರಲಿಲ್ಲ. ಇಡೀ ಜೀವಮಾನದಲ್ಲಿ ಅವರು ಸೋತ ಗಂಭೀರ ಆಟಗಳನ್ನು ಎಣಿಸಿದರೆ ಐವತ್ತಕ್ಕೂ ಕಡಿಮೆ. ಆ ಚಳಿಗಾಲದಲ್ಲಿ ಅವರಿಗೆ 42 ವರ್ಷ. ಪಟ್ಟವನ್ನು ಅಲೆಖಿನ್‌ಗೆ ಕಳೆದುಕೊಂಡಿದ್ದರೂ ಅವರ ಹೆಸರಿನ ತೂಕ ಕಡಿಮೆಯಾಗಿರಲಿಲ್ಲ.

ಅವರ ಎದುರು ಬಿಳಿಯ ಕಾಯಿಗಳೊಡನೆ ಕುಳಿತದ್ದು ಮೀರ್ ಸುಲ್ತಾನ್ ಖಾನ್. ವಯಸ್ಸು ಇಪ್ಪತ್ತೈದರಿಂದ ಇಪ್ಪತ್ತೇಳರ ಆಸುಪಾಸು. ಹುಟ್ಟಿದ ಊರು ಅವಿಭಜಿತ ಪಂಜಾಬಿನ ಮಿಠಾ ಟಿವಾನಾ. ಇಂದು ಅದು ಪಾಕಿಸ್ತಾನದ ಖುಷಾಬ್ ಜಿಲ್ಲೆಯಲ್ಲಿದೆ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯಿಂದ ಕಲಿತದ್ದು ನಮ್ಮ ದೇಶೀ ಚದುರಂಗವನ್ನು. ಯೂರೋಪಿನ ನಿಯಮಗಳ ಚೆಸ್ ಕೈಗೆ ಬಂದದ್ದು ಇಪ್ಪತ್ತು ದಾಟಿದ ಮೇಲೆ, ಸರ್ ಉಮರ್ ಹಯಾತ್ ಖಾನ್ ಟಿವಾನಾ ಎಂಬ ಭಾರಿ ಜಮೀನುದಾರರ ಆಶ್ರಯ ಸೇರಿದ ನಂತರ. 1928ರಲ್ಲಿ ದೆಹಲಿಯಲ್ಲಿ ನಡೆದ ಅಖಿಲ ಭಾರತ ಸ್ಪರ್ಧೆಯಲ್ಲಿ ಒಂಬತ್ತು ಆಟಗಳಲ್ಲಿ ಎಂಟು ಗೆದ್ದು ಒಂದನ್ನು ಡ್ರಾ ಮಾಡಿಕೊಂಡರು. 1929ರ ವಸಂತದಲ್ಲಿ ಸರ್ ಉಮರ್ ಅವರ ಪರಿವಾರದೊಡನೆ ಲಂಡನ್ನಿಗೆ ಬಂದರು.

ಈ ಎರಡು ಆಟಗಳ ವ್ಯತ್ಯಾಸ ಪುಸ್ತಕ ನೋಡದೆ ನನಗೆ ಗೊತ್ತು. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಮನೆಯ ಜಗಲಿಯಲ್ಲಿ ಅಜ್ಜ ನನಗೆ ಕಲಿಸಿದ್ದೂ ದೇಶೀ ಆಟವನ್ನೇ. ಅಲ್ಲಿ ರಾಣಿ ಇರಲಿಲ್ಲ, ಮಂತ್ರಿ ಇದ್ದ. ಮೂಲೆಯಲ್ಲಿ ನಿಲ್ಲುತ್ತಿದ್ದದ್ದು ಆನೆ, ಕರ್ಣದಲ್ಲಿ ಓಡುತ್ತಿದ್ದದ್ದು ಒಂಟೆ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದಕ್ಕೆ ಹೋಗಬೇಕು. ಶಿವಮೊಗ್ಗದ ಹೈಸ್ಕೂಲಿನಲ್ಲಿ 'ಇಂಟರ್‌ನ್ಯಾಷನಲ್ ರೂಲ್' ಕಲಿತು ಬಂದು ನಾನು ಕಾಲಾಳನ್ನು ಎರಡು ಮನೆ ಸರಿಸಿದಾಗ ಅಜ್ಜ ಅದನ್ನು ಎತ್ತಿ ಹಿಂದಕ್ಕಿಟ್ಟು, "ಕಾಲಾಳು ಅಂದ್ರೆ ಕಾಲಾಳು ಕಣೋ. ಅದೇನು ಕುದುರೆನಾ ಹಾರೋಕೆ?" ಅಂದಿದ್ದರು. ಯೂರೋಪಿನವರ ಕ್ಯಾಸ್ಲಿಂಗ್ ಆ ಆಟದಲ್ಲಿ ಇಲ್ಲ. ಬದಲಿಗೆ ರಾಜ ಒಮ್ಮೆ ಮಾತ್ರ, ಅದೂ ಶಹಾ ಬೀಳುವ ಮೊದಲು, ಕುದುರೆಯಂತೆ ನೆಗೆಯಬಹುದು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಬೇಕಾದದ್ದು ಆಗುವಂತಿಲ್ಲ, ಯಾವ ಸಾಲಿನಲ್ಲಿ ಹೋಗಿ ಮುಟ್ಟಿತೋ ಆ ಸಾಲಿನ ಕಾಯಿ ಆಗಬೇಕು.

ಇವೆಲ್ಲ ಚಿಲ್ಲರೆ ವ್ಯತ್ಯಾಸಗಳಂತೆ ಕಾಣುತ್ತವೆ. ಆಟದ ಸ್ವಭಾವವನ್ನೇ ಬದಲಿಸುವಂಥವು ಇವು. ಕಾಲಾಳುಗಳು ಒಂದೊಂದೇ ಹೆಜ್ಜೆ ಇಡುವುದರಿಂದ ಎರಡು ಸೈನ್ಯಗಳು ಕೈಮಿಲಾಯಿಸಲು ಬಹಳ ಹೊತ್ತು ಹಿಡಿಯುತ್ತದೆ. ಮೊದಲ ಹತ್ತು ಹದಿನೈದು ನಡೆಗಳನ್ನು ಬಾಯಿಪಾಠ ಮಾಡಿ ಗೆಲ್ಲುವ ಪ್ರಶ್ನೆಯೇ ಬರುವುದಿಲ್ಲ. ಯೂರೋಪಿನಲ್ಲಿ ಆ ಹೊತ್ತಿಗೆ ಆರಂಭದ ನಡೆಗಳ ಬಗ್ಗೆ ರಾಶಿರಾಶಿ ಪುಸ್ತಕಗಳು ಬಂದಿದ್ದವು. ಸುಲ್ತಾನ್ ಖಾನರಿಗೆ ಅವು ಯಾವುವೂ ದಕ್ಕಿರಲಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಲಂಡನ್ನಿಗೆ ಬಂದ ಕೂಡಲೇ ಅವರ ಅಭ್ಯಾಸಕ್ಕೆಂದೇ ಏರ್ಪಡಿಸಿದ ಸಣ್ಣ ಪಂದ್ಯಾವಳಿಯಲ್ಲಿ ಕೊನೆಯ ಸ್ಥಾನಕ್ಕೆ ಇಳಿದರು. ಅದನ್ನು ಗೆದ್ದವರ ಸಾಲಿನಲ್ಲಿದ್ದ ವಿಲಿಯಂ ವಿಂಟರ್ ಮತ್ತು ಫ್ರೆಡ್ ಯೇಟ್ಸ್ ಇಬ್ಬರೂ ಅವರಿಗೆ ಪಾಠ ಹೇಳಿಕೊಡಲು ಮುಂದಾದರು. ಅದೇ ವರ್ಷದ ಬೇಸಿಗೆಯಲ್ಲಿ, ಅಂದರೆ ಇಂಗ್ಲೆಂಡಿಗೆ ಕಾಲಿಟ್ಟು ಕೆಲವೇ ತಿಂಗಳಲ್ಲಿ, ರ‍್ಯಾಮ್ಸ್‌ಗೇಟ್‌ನಲ್ಲಿ ನಡೆದ ಬ್ರಿಟಿಷ್ ಚಾಂಪಿಯನ್‌ಶಿಪ್ ಸುಲ್ತಾನ್ ಖಾನರದಾಯಿತು. 1930ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ತಾರ್ತಕೋವರ್ ನಂತರದ ಎರಡನೆಯ ಸ್ಥಾನ. ಅದಾದ ಮೇಲೆ ಹೇಸ್ಟಿಂಗ್ಸ್.

ಆ ಆಟದ ನಡೆಗಳು ಉಳಿದಿವೆ. ನನ್ನ ಬಳಿ ಇರುವ ಹಳೆಯ ಮರದ ಹಲಗೆಯ ಮೇಲೆ ಅದನ್ನು ಹಲವು ಸಲ ಆಡಿ ನೋಡಿದ್ದೇನೆ. ಐದನೆಯ ನಡೆಯಲ್ಲಿ ಸುಲ್ತಾನ್ ಖಾನ್ ಎಡ ಅಂಚಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಿಟ್ಟರು. ಅಜ್ಜ ಮೆಚ್ಚುವಂಥ ನಡೆ. ಅಂದಿನವರಿಗೆ ಅದು ಹೊತ್ತು ಕಳೆಯುವ ನಡೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮೂರು ದಶಕಗಳ ನಂತರ ವಿಶ್ವ ಚಾಂಪಿಯನ್ ಆದ ಟಿಗ್ರಾನ್ ಪೆಟ್ರೋಸಿಯಾನ್ ಇದೇ ವಿಚಾರವನ್ನು ಆಡಿ ಬೆಳೆಸಿದರು. ಇಂದು ಆ ಆರಂಭಕ್ಕೆ ಪೆಟ್ರೋಸಿಯಾನರ ಹೆಸರೇ ಇದೆ.

ಹದಿಮೂರನೆಯ ನಡೆಯ ಹೊತ್ತಿಗೆ ಸುಲ್ತಾನ್ ಖಾನರ ಕುದುರೆಯೊಂದು ಕಾಪಾಬ್ಲಾಂಕಾರ ಒಂಟೆಯೊಂದನ್ನು ಹೊಡೆದು ತಾನೂ ಹೊರಬಿದ್ದಿತು. ನಂತರ ಬಿಳಿಯ ಬಲಬದಿಯ ಕಾಲಾಳುಗಳು ಒಂದರ ಹಿಂದೆ ಒಂದು ಮುಂದೆ ನಡೆದು ಎದುರಾಳಿಯ ಕುದುರೆಯನ್ನು ಹಿಂದಿನ ಸಾಲಿಗೆ ಅಟ್ಟಿದವು. ಕಾಪಾಬ್ಲಾಂಕಾ ಅತ್ತ ಗಮನ ಕೊಡದೆ ನಡುವಿನ ತೆರೆದ ಸಾಲಿನಲ್ಲಿ ಎರಡೂ ಆನೆಗಳನ್ನು ಒಂದರ ಹಿಂದೊಂದು ನಿಲ್ಲಿಸಿದರು. ನೋಡುವವರಿಗೆ ಕಪ್ಪಿನದೇ ಮೇಲುಗೈ ಅನ್ನಿಸುವ ಸ್ಥಿತಿ. ಸುಲ್ತಾನ್ ಖಾನರ ರಾಜ ಕ್ಯಾಸ್ಲಿಂಗ್ ಮಾಡದೆ ಇನ್ನೂ ಹಲಗೆಯ ಮಧ್ಯದಲ್ಲೇ ನಿಂತಿದ್ದಾನೆ, ಎರಡು ಆನೆಗಳು ಅವನ ಮಗ್ಗುಲಿಗೇ ಗುರಿಯಿಟ್ಟಿವೆ. 21ನೆಯ ನಡೆಯಲ್ಲಿ ಒಂದು ಆನೆ ಬಿಳಿಯ ಹಿಂದಿನ ಸಾಲಿಗೇ ನುಗ್ಗಿ ಶಹಾ ಕೊಟ್ಟಿತು.

ಸುಲ್ತಾನ್ ಖಾನರ ಉತ್ತರ, ರಾಜನ ಒಂದು ಹೆಜ್ಜೆ. ಓಡುವುದಕ್ಕಲ್ಲ, ಮುಂದಕ್ಕೆ. ಆ ಒಂದು ಹೆಜ್ಜೆಯಿಂದ ಎರಡು ಆನೆಗಳಿಗೂ ಹಿಂತಿರುಗುವ ದಾರಿ ಇಲ್ಲದಾಯಿತು. ಎರಡನ್ನೂ ಕೊಟ್ಟು ಬಿಳಿಯ ಮಂತ್ರಿಯನ್ನು ತೆಗೆದುಕೊಳ್ಳದೆ ಕಾಪಾಬ್ಲಾಂಕಾರಿಗೆ ಗತ್ಯಂತರವಿರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಮಂತ್ರಿಯ ಬೆಲೆ ಒಂಬತ್ತು, ಎರಡು ಆನೆಗಳದು ಹತ್ತು. ಅಂತರ ಬಲು ಸಣ್ಣದು. ಹಲಗೆಯ ಮೇಲೆ ಮಾತ್ರ ಕಾಲಾಳುಗಳು ಒಂದಕ್ಕೊಂದು ಕಚ್ಚಿಕೊಂಡು ಗೋಡೆ ಕಟ್ಟಿದ್ದವು. ಎಲ್ಲಿ ಬೇಕಾದರೂ ಓಡಬಲ್ಲ ಕಪ್ಪು ಮಂತ್ರಿಗೆ ಓಡಲು ಬಯಲೇ ಇರಲಿಲ್ಲ.

ಇಲ್ಲಿಂದ ಮುಂದೆ ಇನ್ನೂ ನಲವತ್ತು ನಡೆಗಳಿವೆ. ಅವುಗಳಲ್ಲಿ ಮಿಂಚಿನ ಹೊಡೆತ ಒಂದೂ ಇಲ್ಲ. ಆನೆಗಳು ಅತ್ತ ಹೋಗುತ್ತವೆ, ಇತ್ತ ಬರುತ್ತವೆ. ರಾಜ ಒಂದು ಮನೆ ಸರಿಯುತ್ತಾನೆ. ಕಪ್ಪು ಮಂತ್ರಿ ಬಾಗಿಲು ಹುಡುಕುತ್ತ ಸುತ್ತುತ್ತದೆ. ಬೇಸರಿಸದೆ ಕಾಯುವುದೊಂದೇ ಅಲ್ಲಿ ಬಲ. 65ನೆಯ ನಡೆಯ ಹೊತ್ತಿಗೆ ಕಾಪಾಬ್ಲಾಂಕಾ ಸೋಲೊಪ್ಪಿಕೊಂಡರು. ಆ ಪಂದ್ಯಾವಳಿಯನ್ನು ಗೆದ್ದದ್ದು ಏಳು ಅಂಕ ಪಡೆದ ಯೂವೆ. ಕಾಪಾಬ್ಲಾಂಕಾರಿಗೆ ಆರೂವರೆ, ಸುಲ್ತಾನ್ ಖಾನರಿಗೆ ಆರು.

ಈ ಆಟ ನಡೆಯುತ್ತಿದ್ದ ದಿನಗಳಲ್ಲೇ ಅತ್ತ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ಸೇರಿತ್ತು. 1930ರ ನವೆಂಬರ್ 12ರಿಂದ 1931ರ ಜನವರಿ 19ರವರೆಗೆ ಭಾರತದ ಭವಿಷ್ಯದ ಚರ್ಚೆ. ನಮ್ಮ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಕೂಡ ಅದಕ್ಕಾಗಿ ಬಂದಿದ್ದರು. ಕಾಂಗ್ರೆಸ್ ಅದರಲ್ಲಿ ಪಾಲುಗೊಂಡಿರಲಿಲ್ಲ, ಗಾಂಧೀಜಿ ಯೆರವಡಾ ಜೈಲಿನಲ್ಲಿದ್ದರು. ಯಾರ ಎದುರು ಯಾರು ಸರಿಸಮ ಎಂಬ ಪ್ರಶ್ನೆ ಆ ಮೇಜಿನ ಸುತ್ತಲೂ ಇತ್ತು. ಅಲ್ಲಿ ಅದು ತೀರ್ಮಾನವಾಗಲಿಲ್ಲ. ಹೇಸ್ಟಿಂಗ್ಸ್‌ನ ಚೌಕದ ಮೇಜಿನ ಮೇಲೆ, ಒಂದು ದಿನದ ಮಟ್ಟಿಗಾದರೂ, ತೀರ್ಮಾನವಾಯಿತು. ಈ ಮಾತನ್ನು ನಾನು ಭಾಷಣಗಳಲ್ಲಿ ಹೇಳಿದಾಗ ಚಪ್ಪಾಳೆ ಬೀಳುತ್ತಿತ್ತು.

ಚಪ್ಪಾಳೆಯ ವಿಷಯಕ್ಕೆ ಬಂದೆ. ಆ ಶನಿವಾರದ ಕೆಲವು ದಿನಗಳ ಬಳಿಕ ನಮ್ಮ ಕನ್ನಡ ಬಳಗದ ಒಂದು ಸಂಜೆ ಕಾರ್ಯಕ್ರಮದಲ್ಲಿ ಇದೇ ಕತೆಯನ್ನು ಹೇಳಿದೆ. ಆಸ್ಪತ್ರೆಯಲ್ಲಿ ನನ್ನ ಜೊತೆ ಹದಿನೈದು ವರ್ಷಗಳಿಂದ ಕೆಲಸ ಮಾಡುವ ಅರಿವಳಿಕೆ ತಜ್ಞರೊಬ್ಬರು ಊಟದ ನೆಪದಲ್ಲಿ ಬಂದಿದ್ದರು. ಅವರ ಹಿರಿಯರು ಪಾಕಿಸ್ತಾನದ ಸರ್ಗೋಧಾ ಕಡೆಯವರು. ಕನ್ನಡ ಬಾರದಿದ್ದರೂ ಹೆಸರುಗಳು ಅವರ ಕಿವಿಗೆ ಬಿದ್ದಿದ್ದವು. ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ಹತ್ತಿರ ಬಂದು, ಏನು ಹೇಳಿದಿರಿ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಭಾಯ್, ಅವರನ್ನು ಆಳು ಅಂತ ಯಾರು ಹೇಳಿದರು ನಿಮಗೆ?" ಎಂದರು.

ಯಾರು ಹೇಳಿದ್ದು? ನಾನು ಓದಿದ ಇಂಗ್ಲಿಷ್ ಪುಸ್ತಕಗಳು. ಮುಖ್ಯವಾಗಿ ಅಮೆರಿಕದ ಆಟಗಾರ ರೂಬೆನ್ ಫೈನ್ ಬರೆದಿಟ್ಟ ಪ್ರಸಂಗ. 1933ರಲ್ಲಿ ಫೋಕ್‌ಸ್ಟೋನ್‌ನಲ್ಲಿ ನಡೆದ ಒಲಿಂಪಿಯಾಡ್ ಗೆದ್ದ ಅಮೆರಿಕ ತಂಡವನ್ನು ಸರ್ ಉಮರ್ ಲಂಡನ್ನಿನ ತಮ್ಮ ಮನೆಗೆ ಕರೆದರಂತೆ. ಸಾಮಾನ್ಯವಾಗಿ ತಾವು ಮಾತಾಡುವುದು ಬೇಟೆನಾಯಿಗಳ ಜೊತೆ ಮಾತ್ರ ಎಂಬರ್ಥದ ಮಾತಿನಿಂದ ಅತಿಥಿಗಳನ್ನು ಎದುರುಗೊಂಡರಂತೆ. ಆಮೇಲೆ ಊಟ ಬಡಿಸಲು ಬಂದದ್ದು ಸುಲ್ತಾನ್ ಖಾನ್. ಹಲಗೆಯ ಮೇಲೆ ತಮ್ಮ ಸಮಾನರಾದವರು, ಕೆಲವರಿಗೆ ತಮಗಿಂತ ಹಿರಿಯರಾದವರು, ತಮ್ಮ ತಟ್ಟೆಗೆ ಬಡಿಸುತ್ತಿದ್ದಾರೆ ಎಂಬ ಮುಜುಗರ ಫೈನ್ ಅವರ ಬರಹದಲ್ಲಿದೆ. ಚೆಸ್ ಇತಿಹಾಸ ಬರೆದವರೆಲ್ಲ ಅದನ್ನು ಮತ್ತೆ ಮತ್ತೆ ಹೇಳಿದರು. ಅವರಿಂದ ಓದಿ ನಾನೂ ಹೇಳಿದೆ.

ಸುಲ್ತಾನ್ ಖಾನರ ಮನೆಯವರು ಈ ಚಿತ್ರವನ್ನು ಬಹಿರಂಗವಾಗಿಯೇ ಅಲ್ಲಗಳೆದಿದ್ದಾರೆ. ಸಹೋದ್ಯೋಗಿ ಮರುದಿನ ಅವರ ಬರಹವನ್ನು ಕಳಿಸಿಕೊಟ್ಟರು. ಅವರು ಹೇಳುವ ಪ್ರಕಾರ ಅದು ಪೀರರ ಮನೆತನ, ಸ್ವಂತ ಜಮೀನು ಇದ್ದ ಕುಟುಂಬ. ಸುಲ್ತಾನ್ ಖಾನ್ ಅನಕ್ಷರಸ್ಥರಾಗಿರಲಿಲ್ಲ. ಸರ್ ಉಮರ್ ಅವರಿಗೆ ಊಟ ವಸತಿಯ ಜೊತೆಗೆ ಸಂಭಾವನೆ ಕೊಟ್ಟು, ತಮ್ಮ ಎಸ್ಟೇಟಿನಲ್ಲಿ ಚೆಸ್ ತಂಡ ಕಟ್ಟುವ ಕೆಲಸಕ್ಕೆ ಕರೆದುಕೊಂಡರು. ಅತಿಥಿಗಳಿಗೆ ಮನೆಯವರೇ ಬಡಿಸುವುದು ನಮ್ಮ ಕಡೆ ಅವಮಾನವಲ್ಲ ಎನ್ನುವುದು ಅದನ್ನು ಓದುತ್ತಿದ್ದಾಗ ನನಗೇ ಹೊಳೆಯಿತು. ಹಬ್ಬದ ದಿನ ನಮ್ಮ ಮನೆಯಲ್ಲಿ ಪಂಕ್ತಿಗೆ ಬಡಿಸುತ್ತಿದ್ದದ್ದು ಸ್ವತಃ ಅಜ್ಜ. ನ್ಯೂಯಾರ್ಕಿನಿಂದ ಬಂದ ಯುವಕರ ಕಣ್ಣಿಗೆ ಅದು ಹೇಗೆ ಕಂಡೀತು? ಹಾಗೆಂದು ಆ ಮನೆಯಲ್ಲಿ ಯಜಮಾನ ಯಾರು ಎಂಬುದರಲ್ಲಿ ಸಂಶಯವೇನೂ ಇಲ್ಲ. ಯಾವಾಗ ಲಂಡನ್ನಿಗೆ ಬರಬೇಕು, ಯಾವಾಗ ಹಿಂತಿರುಗಬೇಕು ಎಂಬುದು ಸರ್ ಉಮರ್ ಅವರ ಪ್ರವಾಸದ ಮೇಲೆ ನಿಂತಿತ್ತು. ಎರಡೂ ಮಾತು ಒಟ್ಟಿಗೆ ನಿಜವಾಗಬಹುದು.

ಆ ರಾತ್ರಿ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. 'ಓದುಬರಹ ಬಾರದ ಆಳು' ಎಂಬ ಮಾತು ನನಗೆ ಇಷ್ಟು ಪ್ರಿಯವಾಗಲು ಕಾರಣವೇನು? ಹೊರದೇಶಕ್ಕೆ ಬಂದ ನಾವು ಇಂಥ ಕತೆಗಳನ್ನು ಪ್ರೀತಿಸುತ್ತೇವೆ. ಬರಿಗೈಯಲ್ಲಿ ಬಂದು ದೊರೆಯನ್ನು ಸೋಲಿಸಿದವನ ಕತೆಯಲ್ಲಿ ನಮ್ಮದೂ ಒಂದು ಪಾಲು ಇದೆ ಅನ್ನಿಸುತ್ತದೆ. ಆಸ್ಪತ್ರೆಯ ಕಿರಿಯ ವೈದ್ಯರ ಮುಂದೆ ನಾನು ನನ್ನ ಬಾಲ್ಯವನ್ನು ಹೇಳುವ ರೀತಿಯೂ ಹಾಗೆಯೇ: ಕರೆಂಟಿಲ್ಲದ ಹಳ್ಳಿ, ಕನ್ನಡ ಮಾಧ್ಯಮದ ಶಾಲೆ, ಮಳೆಯಲ್ಲಿ ಕಾಲುನಡಿಗೆ. ಒಂದೂ ಸುಳ್ಳಲ್ಲ. ಅಜ್ಜನಿಗೆ ಅಡಿಕೆ ತೋಟವಿತ್ತು, ಅಪ್ಪ ಮೇಷ್ಟರಾಗಿದ್ದರು, ಚಿಕ್ಕಪ್ಪ ಡಾಕ್ಟರಾಗಿದ್ದರು, ಮನೆಯ ಕಪಾಟಿನಲ್ಲಿ ಪುಸ್ತಕಗಳಿದ್ದವು ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅವನ್ನು ಸೇರಿಸಿದರೆ ಗೆಲುವು ಸಣ್ಣದಾಗುತ್ತದೆ ಎಂಬ ಭಯ. ನನ್ನ ಕತೆಯಲ್ಲಿ ಹಾಗೆ ಬಿಟ್ಟುಬಿಡುವುದು ನನ್ನ ಇಷ್ಟ. ಇನ್ನೊಬ್ಬರ ತಂದೆಯ, ಅಜ್ಜನ ಕತೆಯಲ್ಲಿ ಬಿಟ್ಟದ್ದು ಮಾತ್ರ ನನ್ನ ತಪ್ಪು.

ತಪ್ಪಿನ ಇನ್ನೊಂದು ಮುಖವೂ ಇದೆ. ಇಲ್ಲದ ಅಸಮಾನತೆಯನ್ನು ಬಣ್ಣಿಸುವ ಭರದಲ್ಲಿ ಇದ್ದ ಅಸಮಾನತೆಗಳನ್ನು ನಾನು ನೋಡಿಯೇ ಇರಲಿಲ್ಲ. ಎಲೊ ತಮ್ಮ ಸೂತ್ರವನ್ನು ಹಿಂದಿನ ಕಾಲದ ಆಟಗಾರರಿಗೂ ಅನ್ವಯಿಸಿ ನೋಡಿದ್ದರು. ಆ ಲೆಕ್ಕದಲ್ಲಿ ಉತ್ತುಂಗದ ಕಾಪಾಬ್ಲಾಂಕಾ ಮತ್ತು ಉತ್ತುಂಗದ ಸುಲ್ತಾನ್ ಖಾನರ ನಡುವಿನ ಅಂತರ ಸುಮಾರು 200 ಅಂಕ. ಅಂದರೆ ನಾಲ್ಕು ಆಟ ಆಡಿದರೆ ಸುಮಾರು ಒಂದು ಅಂಕ ಸುಲ್ತಾನ್ ಖಾನರದು. ಅಪರೂಪದ ಗೆಲುವು ಹೌದು, ಪವಾಡವಲ್ಲ. 1931ರಲ್ಲಿ ತಾರ್ತಕೋವರ್ ವಿರುದ್ಧದ ಹನ್ನೆರಡು ಆಟಗಳ ಪಂದ್ಯವನ್ನು ಸುಲ್ತಾನ್ ಖಾನ್ ಆರೂವರೆ–ಐದೂವರೆ ಅಂತರದಲ್ಲಿ ಗೆದ್ದರು. ಅದೇ ವರ್ಷ ಪ್ರಾಗ್ ಒಲಿಂಪಿಯಾಡ್‌ನಲ್ಲಿ ಇಂಗ್ಲೆಂಡಿನ ಮೊದಲ ಹಲಗೆಯಲ್ಲಿ ಕುಳಿತು ಫ್ಲೋರ್ ಮತ್ತು ರೂಬಿನ್‌ಸ್ಟೈನ್ ಇಬ್ಬರನ್ನೂ ಸೋಲಿಸಿ, ವಿಶ್ವ ಚಾಂಪಿಯನ್ ಅಲೆಖಿನ್ ಜೊತೆ ಡ್ರಾ ಮಾಡಿಕೊಂಡರು. 1932 ಮತ್ತು 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್. 1933ರ ಸ್ಪರ್ಧೆ ನಡೆದದ್ದು ಅದೇ ಹೇಸ್ಟಿಂಗ್ಸ್‌ನಲ್ಲಿ. ಅಲ್ಲಿಯೇ ಸರ್ ಉಮರ್ ಪರಿವಾರದ ಮಿಸ್ ಫಾತಿಮಾ ಎಂಬ ಯುವತಿ ಮಹಿಳೆಯರ ಬ್ರಿಟಿಷ್ ಚಾಂಪಿಯನ್‌ಶಿಪ್ಪನ್ನು ಎರಡನೆಯವರಿಗಿಂತ ಮೂರು ಅಂಕ ಮುಂದೆ ನಿಂತು ಗೆದ್ದರು. ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ಹೇಸ್ಟಿಂಗ್ಸ್‌ನ ಗೆಲುವು ಆಳು ಅರಸನ ಕತೆಯಲ್ಲ, ಇಬ್ಬರು ಬಲ್ಲಿದರ ಆಟ.

ಅಸಮಾನತೆ ಇದ್ದದ್ದು ಹಲಗೆಯ ಹೊರಗೆ. ಕಾಪಾಬ್ಲಾಂಕಾ ಪುಸ್ತಕ ಬರೆಯುತ್ತಿದ್ದರು. ಸುಲ್ತಾನ್ ಖಾನ್ ತಮ್ಮ ಆಟದ ಬಗ್ಗೆ ಬರೆದ ಪುಸ್ತಕ ಒಂದೂ ಇಲ್ಲ. ಅವರನ್ನು ಬೇರೆಯವರು ಬರೆದರು. ಇಂಗ್ಲೆಂಡಿನ ಹವೆ ಅವರಿಗೆ ಒಗ್ಗಲಿಲ್ಲ. ಮಲೇರಿಯಾ, ನೆಗಡಿ, ಗಂಟಲು ನೋವು ಬೆನ್ನು ಬಿಡಲಿಲ್ಲ, ಕೊರಳಿಗೆ ಪಟ್ಟಿ ಸುತ್ತಿಕೊಂಡೇ ಆಡಿದ್ದುಂಟು. 1933ರ ಡಿಸೆಂಬರ್‌ನಲ್ಲಿ ಸರ್ ಉಮರ್ ಜೊತೆ ಭಾರತಕ್ಕೆ ಹಿಂತಿರುಗಿದಾಗ ಸೆರೆಯಿಂದ ಬಿಡುಗಡೆಯಾದಂತೆ ಅವರಿಗೆ ಅನ್ನಿಸಿತೆಂದು ಫಾತಿಮಾ ಮುಂದೊಮ್ಮೆ ನೆನಪಿಸಿಕೊಂಡಿದ್ದಾರೆ. 1935ರಲ್ಲಿ ಖಾದಿಲ್ಕರ್ ಎಂಬ ಭಾರತೀಯ ಆಟಗಾರರ ವಿರುದ್ಧ ಹತ್ತು ಆಟಗಳಲ್ಲಿ ಒಂಬತ್ತೂವರೆ ಅಂಕ ಗಳಿಸಿದ್ದೇ ಬಹುಮಟ್ಟಿಗೆ ಕೊನೆ. ಆಮೇಲೆ ಯೂರೋಪಿನ ಯಾವ ಪಂದ್ಯಾವಳಿಗೂ ಅವರು ಬರಲಿಲ್ಲ. ಐದು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಇಡೀ ಒಂದು ಜೀವಮಾನದ ಆಟ ಮುಗಿದುಹೋಗಿತ್ತು.

1950ರಲ್ಲಿ ಫಿಡೆ ಮೊದಲ ಬಾರಿಗೆ ಅಧಿಕೃತವಾಗಿ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು. ಆಗ ಆಡುತ್ತಿದ್ದ ಪ್ರಬಲರ ಜೊತೆಗೆ, ಹಿಂದೆ ಆಡಿ ಹೆಸರು ಮಾಡಿ ಇನ್ನೂ ಬದುಕಿದ್ದ ಹಿರಿಯರನ್ನೂ ಗೌರವಿಸಿ ಒಟ್ಟು 27 ಹೆಸರುಗಳ ಪಟ್ಟಿ ಮಾಡಿತು. ಅದರಲ್ಲಿ ತಾರ್ತಕೋವರ್ ಇದ್ದರು. ಪಂದ್ಯಾವಳಿಗಳನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ರೂಬಿನ್‌ಸ್ಟೈನ್ ಇದ್ದರು. ಇಬ್ಬರನ್ನೂ ಸೋಲಿಸಿದ್ದ ಸುಲ್ತಾನ್ ಖಾನ್ ಸರ್ಗೋಧಾದ ಬಳಿ ತಮ್ಮ ಜಮೀನಿನಲ್ಲಿ ಬದುಕಿದ್ದರು. ಅವರ ಹೆಸರು ಇರಲಿಲ್ಲ. 1966ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಬರಲಿಲ್ಲ. ಇಸ್ಲಾಮಾಬಾದಿನಲ್ಲಿ ಫಿಡೆ ಅಧ್ಯಕ್ಷರು ಅವರ ಗೌರವ ಗ್ರ್ಯಾಂಡ್‌ಮಾಸ್ಟರ್ ಪತ್ರವನ್ನು ಪಾಕಿಸ್ತಾನದ ಪ್ರಧಾನಿಯ ಕೈಗೆ ಕೊಟ್ಟದ್ದು 2024ರ ಫೆಬ್ರವರಿಯಲ್ಲಿ, ತೀರಿಕೊಂಡು ಸುಮಾರು 58 ವರ್ಷವಾದ ಮೇಲೆ. ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 1988ರಲ್ಲಿ, ವಿಶ್ವನಾಥನ್ ಆನಂದ್. ಕರ್ನಾಟಕಕ್ಕೆ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. 1950ರ ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿದ್ದರೆ ಅಜ್ಜನ ಜಗಲಿಯಲ್ಲಿ ನಾನು ಕೇಳುತ್ತಿದ್ದ ಕತೆಗಳು ಬೇರೆಯಾಗಿರುತ್ತಿದ್ದವೇನೋ.

ಇದನ್ನೆಲ್ಲ ಓದಿ ಮುಗಿಸಿದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೇಸ್ಟಿಂಗ್ಸ್‌ಗೆ ಹೋದೆ. ಕಡಲಂಡೆಯ ಬೆಂಚಿನ ಮೇಲೆ ಕುಳಿತು ಅವಳಿಗೆ ಮೊದಲು ಹೇಳಿದ್ದರಲ್ಲಿ ಏನೇನು ತಪ್ಪಿತ್ತೆಂದು ಹೇಳಿದೆ. ಚಿಪ್ಸ್ ತಿನ್ನುತ್ತ, ಕಡಲಹಕ್ಕಿಗಳನ್ನು ಓಡಿಸುತ್ತ ಕೇಳಿಸಿಕೊಂಡಳು.

"ಹಾಗಾದರೆ ಆಟ ಮಾತ್ರ ನಿಜವಾ?"

"ಆಟ ನಿಜ. ಅರವತ್ತೈದು ನಡೆಯೂ ನಿಜ."

ಅವಳ ಆ ಶನಿವಾರದ ಆಟ 31 ನಡೆಗಳಲ್ಲಿ ಮುಗಿದಿತ್ತು. ಸೋತಿದ್ದಳು. ಎದುರಾಳಿ ಅರವತ್ತು ದಾಟಿದ ನಿವೃತ್ತ ಮೇಷ್ಟರು. ಆಟ ಮುಗಿದ ಮೇಲೆ ಎದ್ದು ಹೋಗದೆ, ಪಕ್ಕದ ಕೋಣೆಯಲ್ಲಿ ಅವಳ ಜೊತೆ ಕುಳಿತು ಮುಕ್ಕಾಲು ಗಂಟೆ ಹೊತ್ತು, ಎಲ್ಲಿ ದಾರಿ ತಪ್ಪಿತು ಎಂದು ಕಾಯಿಗಳನ್ನು ಮತ್ತೆ ಇಟ್ಟು ತೋರಿಸಿದ್ದರು. ಹತ್ತೊಂಬತ್ತನೆಯ ನಡೆಯವರೆಗೆ ಇಬ್ಬರೂ ಸಮಸಮ ಇದ್ದೆವು ಎಂದು ಅವರು ಹೇಳಿದ್ದನ್ನು ಮಗಳು ದಾರಿಯುದ್ದಕ್ಕೂ ನನಗೆ ಮೂರು ಸಲ ಹೇಳಿದ್ದಳು. ಗೆದ್ದಿದ್ದರೂ ಅಷ್ಟು ಸಲ ಹೇಳುತ್ತಿದ್ದಳೋ ಇಲ್ಲವೋ.

"ಸುಲ್ತಾನ್ ಖಾನ್ ಅವರ ಮಕ್ಕಳೂ ಚೆಸ್ ಆಡ್ತಿದ್ರಾ ಅಪ್ಪ?" ಎಂದು ಕೇಳಿದಳು ರೈಲಿಗೆ ಹೋಗುವಾಗ.

ಇಲ್ಲ ಎಂದೆ. ಅವರು ಮಕ್ಕಳಿಗೆ ಚೆಸ್ ಕಲಿಸಲಿಲ್ಲ, ಬದುಕಿನಲ್ಲಿ ಇದಕ್ಕಿಂತ ಉಪಯೋಗವಾಗುವಂಥದ್ದು ಏನಾದರೂ ಮಾಡಿ ಎಂದರಂತೆ ಎಂದು ಅವರ ಹಿರಿಯ ಮಗ ನೆನಪಿಸಿಕೊಂಡದ್ದನ್ನು ಹೇಳಿದೆ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದಳು.

"ಯಾಕಂತೆ?"

ನನಗೆ ಇಂಥ ಪ್ರಶ್ನೆಗಳಿಗೆ ಸಲೀಸಾಗಿ ಉತ್ತರ ಕೊಟ್ಟು ಅಭ್ಯಾಸ. ಅಂದು ಕೊಡಲಿಲ್ಲ. ಚೇರಿಂಗ್ ಕ್ರಾಸ್ ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಚೀಲದಿಂದ ಮಡಿಸುವ ಚೆಸ್ ಹಲಗೆ ತೆಗೆದು ಬೆಂಚಿನ ಮೇಲೆ ಬಿಡಿಸಿ, "ಅಜ್ಜನ ರೂಲ್ ಹೇಳಿಕೊಡು" ಎಂದಳು. ಕಾಯಿಗಳನ್ನು ಜೋಡಿಸಿದೆವು. ಅವಳು ಅಭ್ಯಾಸಬಲದಿಂದ ಕಾಲಾಳನ್ನು ಎರಡು ಮನೆ ಸರಿಸಿದಳು. ನಾನು ಅದನ್ನು ಎತ್ತಿ ಒಂದು ಮನೆ ಹಿಂದಕ್ಕಿಟ್ಟೆ.